ಬೀಳುವ ನೀರಿನ ಬೆನ್ನು ಹತ್ತಿದವರು

1899ರಲ್ಲಿ ಮೈಸೂರು ಸಂಸ್ಥಾನದ ಮರಾಮತ್ ಇಲಾಖೆಯ ಡೆಪ್ಯುಟಿ ಚೀಫ್ ಎಂಜಿನಿಯರ್ ಒಬ್ಬರು ಯುರೋಪು, ಅಮೆರಿಕಗಳಿಗೆ ಹೊರಟು ನಿಂತರು. ತಲೆಯಲ್ಲಿದ್ದದ್ದು ಒಂದೇ ಲೆಕ್ಕ. ಶಿವನಸಮುದ್ರದಲ್ಲಿ ಕಾವೇರಿ ಸುಮಾರು 400 ಅಡಿ ಕೆಳಕ್ಕೆ ಇಳಿಯುತ್ತದೆ. ಅಲ್ಲಿಂದ 92 ಮೈಲಿ ಆಚೆಗೆ ಕೋಲಾರದ ಚಿನ್ನದ ಗಣಿಗಳಿವೆ. ಬೀಳುವ ನೀರಿನ ಕಸುವನ್ನು ತಂತಿಯ ಮೇಲೆ ಅಷ್ಟು ದೂರ ಒಯ್ಯಬಹುದೇ? ಒಯ್ದರೆ ದಾರಿಯಲ್ಲಿ ಸೋರಿಹೋಗುವುದೆಷ್ಟು? ಯಂತ್ರ ಕೊಡುವವರು ಯಾರು, ಅದು ಕೆಟ್ಟರೆ ನೋಡುವವರು ಯಾರು?

ಆ ಅಧಿಕಾರಿ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್. ಕೆನಡಾದ ಕ್ವಿಬೆಕ್ ಪ್ರಾಂತದ ಮನೆತನ, ಕಿಂಗ್‌ಸ್ಟನ್‌ನ ಸೈನಿಕ ಕಾಲೇಜಿನ ಓದು, ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ಪಡೆಯ ನೌಕರಿ. ಅವರು ಕಾಲೇಜಿನಲ್ಲಿದ್ದಾಗ ವಿದ್ಯುತ್ತನ್ನು ದೂರದೂರಿಗೆ ಸಾಗಿಸುವ ವಿದ್ಯೆ ಇನ್ನೂ ಕಣ್ಣುಬಿಡುತ್ತಿತ್ತು. 1891ರಲ್ಲಿ ಜರ್ಮನಿಯವರು ಲೌಫೆನ್‌ನಿಂದ ಫ್ರಾಂಕ್‌ಫರ್ಟಿನ ವಸ್ತುಪ್ರದರ್ಶನಕ್ಕೆ ನೂರಕ್ಕೂ ಹೆಚ್ಚು ಮೈಲಿ ವಿದ್ಯುತ್ ಹರಿಸಿ ತೋರಿಸಿದ್ದರು, ಆದರೆ ಅದು ಪ್ರಯೋಗ. 1896ರಲ್ಲಿ ನಯಾಗರದ ವಿದ್ಯುತ್ ಬಫಲೊ ನಗರ ತಲುಪಿತ್ತು, ಅದು ಇಪ್ಪತ್ತು ಚಿಲ್ಲರೆ ಮೈಲಿಯ ಮಾತು. ಹೀಗಿರುವಾಗ ಕೆರೆ, ಕಾಲುವೆ, ರಸ್ತೆ, ಸೇತುವೆ ನೋಡಿಕೊಳ್ಳುವ ಇಲಾಖೆಯೊಂದು ಬಯಲುಸೀಮೆಯ ಉರಿಬಿಸಿಲಿನಲ್ಲಿ 92 ಮೈಲಿ ತಂತಿ ಎಳೆಯುತ್ತೇನೆಂದು ಹೊರಟಿತ್ತು.

ಅದುವರೆಗೆ ಮೈಸೂರಿನ ಎಂಜಿನಿಯರ್ ಎಂದರೆ ಕೆರೆಯ ಮನುಷ್ಯ. ಏರಿ ಬಿರಿದರೆ ಕಟ್ಟಬೇಕು, ತೂಬು ಕೆಟ್ಟರೆ ಸರಿಮಾಡಿಸಬೇಕು, ಕೋಡಿ ಬಿದ್ದರೆ ಕೆಳಗಿನ ಕೆರೆ ತಡೆದೀತೇ ಎಂದು ಲೆಕ್ಕ ಹಾಕಬೇಕು. ಒಂದರ ನೀರು ಇನ್ನೊಂದಕ್ಕೆ ಹರಿಯುವ ಸರಣಿ ಕೆರೆಗಳ ನಾಡಿನಲ್ಲಿ ಇದೇನೂ ಸಣ್ಣ ವಿದ್ಯೆಯಲ್ಲ. ಊರಿನ ನೀರುಗಂಟಿಗೆ ಗೊತ್ತಿದ್ದ ಎಷ್ಟೋ ಸಂಗತಿಗಳು ಕಾಲೇಜಿನಿಂದ ಬಂದ ಓವರ್ಸಿಯರ್‌ಗೆ ಗೊತ್ತಿರುತ್ತಿರಲಿಲ್ಲ. ಆದರೆ ಆ ವಿದ್ಯೆಯನ್ನು ಎಷ್ಟು ಅರೆದು ಕುಡಿದಿದ್ದರೂ ಡೈನಮೋದ ಮುಂದೆ ಅದು ಅಷ್ಟಾಗಿ ಕೈಹಿಡಿಯುವಂಥದಲ್ಲ. ಕೆರೆ ನೋಡುತ್ತಿದ್ದವರು ಕರೆಂಟು ಕಲಿತು, ಕರೆಂಟಿಗಾಗಿ ಅಣೆಕಟ್ಟು ಕಲಿತು, ಮುಂದೆ ಪಿಂಗಾಣಿ ಸುಡುವುದನ್ನೂ ಕಲಿತ ಕಥೆ ಇಲ್ಲಿಂದ ಶುರುವಾಗುತ್ತದೆ.

ಗಣಿಗಳ ಕಡೆಯಿಂದ ನೋಡಿದರೆ ಈ ಸಾಹಸಕ್ಕೆ ಕಾರಣ ಸ್ಪಷ್ಟ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿದ್ದ ಕೋಲಾರದ ಗಣಿಗಳು ಆಳಕ್ಕಿಳಿದಷ್ಟೂ ಖರ್ಚು ಏರುತ್ತಿತ್ತು. ಅದಿರು ಮೇಲೆತ್ತಬೇಕು, ಕುಟ್ಟಿ ಪುಡಿ ಮಾಡಬೇಕು, ನೀರು ಹೊರಹಾಕಬೇಕು, ಒಳಗೆ ಗಾಳಿ ತಳ್ಳಬೇಕು. ಎಲ್ಲಕ್ಕೂ ಹಬೆ ಯಂತ್ರ. ಅದರ ಹೊಟ್ಟೆಗೆ ಹಡಗು, ರೈಲು ದಾಟಿ ಬಂದ ಕಲ್ಲಿದ್ದಲು, ಇಲ್ಲವೇ ಸುತ್ತಲ ಕಾಡಿನ ಸೌದೆ. ನೀರಿನಿಂದ ಶಕ್ತಿ ಸಿಕ್ಕರೆ ಕಂಪನಿಗೆ ಲಾಭ, ಸಂಸ್ಥಾನದ ಬೊಕ್ಕಸಕ್ಕೂ ಆದಾಯ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಇದನ್ನು ಬೇಗ ಗ್ರಹಿಸಿದರು. ಖಾಸಗಿಯವರಿಗೆ ಬಿಟ್ಟುಕೊಡದೆ ಸರ್ಕಾರವೇ ಯೋಜನೆಯನ್ನು ಮೈಮೇಲೆ ಎಳೆದುಕೊಂಡಿತು. ಆಗ ರಾಜ್ಯಭಾರ ನೋಡುತ್ತಿದ್ದವರು ರೀಜೆಂಟರಾದ ವಾಣಿ ವಿಲಾಸ ಸನ್ನಿಧಾನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ನುಗ್ಗಿ ಊರೇ ಖಾಲಿಯಾಗಿತ್ತು. ಆ ಗೋಳಿನ ನಡುವೆಯೇ ಇಂಥದೊಂದಕ್ಕೆ ಹಣ ಎತ್ತಿಟ್ಟರಲ್ಲ, ಆ ಎದೆಗಾರಿಕೆಯನ್ನು ಒಪ್ಪಲೇಬೇಕು.

ಯಂತ್ರಗಳಿಗಾಗಿ ಮೈಸೂರು ಎರಡು ಖಂಡಗಳನ್ನು ಜೋಡಿಸಿತು. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿಯವು. ಜನರೇಟರು, ಟ್ರಾನ್ಸ್‌ಫಾರ್ಮರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಅವು ಹಡಗಿನಲ್ಲಿ ಬಂದು, ರೈಲಿನಲ್ಲಿ ಮದ್ದೂರಿಗೆ ತಲುಪಿದವು. ಅಲ್ಲಿಂದ ಮುಂದೆ ರೈಲಿಲ್ಲ. ಎತ್ತು, ಆನೆಗಳಿಂದ ಎಳೆಸಿಕೊಂಡು ಆ ಭಾರವನ್ನು ಮಳವಳ್ಳಿ ಸೀಮೆಯ ದಾರಿಯಲ್ಲಿ ಹೊಳೆಯ ದಂಡೆಗೆ ತಂದರು. ದಂಡೆಗೆ ತಂದರೆ ಅರ್ಧ ಕೆಲಸ ಮಾತ್ರ. ಪವರ್ ಹೌಸ್ ಇರುವುದು ಕಣಿವೆಯ ತಳದಲ್ಲಿ. ಬ್ಲಫ್ ಎಂದು ಕರೆಯುವ ಮೇಲಿನ ದಿಬ್ಬದಿಂದ ಬಂಡೆಯ ಇಳಿಜಾರಿನಲ್ಲಿ ಕಂಬಿ ಹಾಸಿ, ಹಗ್ಗದ ಹಿಡಿತದಲ್ಲಿ ಟ್ರಾಲಿಯನ್ನು ಅಂಗುಲ ಅಂಗುಲವಾಗಿ ಕೆಳಗಿಳಿಸಬೇಕು. ಕಾಡುಜ್ವರದ ಜಾಗವದು. ನೂರಾರು ಕೂಲಿಗಳು ಮಲೇರಿಯಾದಲ್ಲಿ ನಡುಗುತ್ತ ದುಡಿದರು. ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ.

ಕಾರ್ಖಾನೆಯ ಒಳಗುಟ್ಟು ಹೇಳಲು ಸರಳ. ಹೊಳೆಯ ಪಶ್ಚಿಮದ ಕವಲಿನಿಂದ ಕಾಲುವೆಯಲ್ಲಿ ನೀರು ತಂದು ಮೇಲೊಂದು ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ. ಅಲ್ಲಿಂದ ಉಕ್ಕಿನ ಪೆನ್‌ಸ್ಟಾಕ್ ಕೊಳವೆಗಳು ಬಂಡೆಗೆ ಆತುಕೊಂಡು ಇಳಿಯುತ್ತವೆ. ಕೆಳಗೆ ತಲುಪುವಾಗ ನೀರಿನ ಒತ್ತಡ ಟರ್ಬೈನಿನ ಚಕ್ರವನ್ನು ಗರಗರನೆ ತಿರುಗಿಸುತ್ತದೆ, ಅದೇ ದಂಡಕ್ಕೆ ಜೋಡಿಸಿದ ಜನರೇಟರ್ ಕರೆಂಟು ಕೊಡುತ್ತದೆ. ಕಷ್ಟವೆಲ್ಲ ಆಮೇಲೆ. ಒತ್ತಡ, ಎಂದರೆ ವೋಲ್ಟೇಜ್, ಕಡಿಮೆಯಿದ್ದರೆ ತಂತಿ ಬಿಸಿಯಾಗಿ ಅರ್ಧ ಶಕ್ತಿ ದಾರಿಯಲ್ಲೇ ಖರ್ಚು. ಆದ್ದರಿಂದ ಟ್ರಾನ್ಸ್‌ಫಾರ್ಮರಿನಲ್ಲಿ ಅದನ್ನು 30 ಸಾವಿರ ವೋಲ್ಟಿನ ಆಸುಪಾಸಿಗೆ ಏರಿಸಿ ಕಳಿಸಿ, ಕೋಲಾರದಲ್ಲಿ ಮತ್ತೆ ಇಳಿಸಿಕೊಳ್ಳಬೇಕು. ಅಷ್ಟು ವೋಲ್ಟೇಜನ್ನು ಮಳೆ, ಸಿಡಿಲು, ಹಕ್ಕಿಗಳ ನಡುವೆ ನೂರು ಮೈಲಿ ಕಾಯ್ದುಕೊಳ್ಳುವುದು ಹೇಗೆಂದು ಹೇಳಿಕೊಡುವ ಪುಸ್ತಕ ಆಗ ಇದ್ದದ್ದು ಕಡಿಮೆ. ಲೈನು ಕೆಟ್ಟಾಗ ಹುಡುಕಿ ಸರಿಮಾಡುತ್ತಲೇ ಕಲಿಯಬೇಕಿತ್ತು.

1902ರ ಜೂನ್ 30ರಂದು ಗಣಿಗೆ ವಿದ್ಯುತ್ ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಇಲ್ಲೊಂದು ಮಾತು ಹೇಳದಿದ್ದರೆ ಆಗದು. ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ, ಅದರ ಲೈನು ಪ್ರಪಂಚದಲ್ಲೇ ಅತಿ ಉದ್ದದ್ದು ಎಂದು ನಮ್ಮಲ್ಲಿ ಭಾಷಣಗಳಲ್ಲೂ ಪಠ್ಯಗಳಲ್ಲೂ ಹೇಳಿ ಹೇಳಿ ರೂಢಿಯಾಗಿದೆ. ಆದರೆ ಜಪಾನಿನ ಕ್ಯೋಟೊದ ಕೆಆಗೆ ಕೇಂದ್ರ 1891ರಲ್ಲೇ ಓಡುತ್ತಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಪೊಂಗ್ ಕೇಂದ್ರ, ಗಾತ್ರದಲ್ಲಿ ಸಣ್ಣದಾದರೂ, 1897ರದು. ಗೋಕಾಕದ ಗಿರಣಿಯವರು 1880ರ ದಶಕದಲ್ಲೇ ಘಟಪ್ರಭೆಯ ಜಲಪಾತದಿಂದ ಟರ್ಬೈನ್ ತಿರುಗಿಸಿ, ಹಗ್ಗಗಳ ಮೂಲಕ ಆ ಬಲವನ್ನು ಮೇಲಿನ ಗಿರಣಿಗೆ ಎಳೆದುಕೊಂಡಿದ್ದರು. ಲೈನಿನ ಉದ್ದದ ಮಾತಾದರೆ ಕ್ಯಾಲಿಫೋರ್ನಿಯದ ಕೋಲ್ಗೇಟ್‌ನಿಂದ ಓಕ್ಲಂಡಿಗೆ 1901ರಲ್ಲೇ 142 ಮೈಲಿಯ ಲೈನು ಬಂದಿತ್ತು. ಮೊದಲ ಸ್ಥಾನ ತಪ್ಪಿದರೆ ಮೈಸೂರಿಗೇನೂ ನಷ್ಟವಿಲ್ಲ. ಆ ದೂರ, ಆ ವೋಲ್ಟೇಜು, ಹಗಲು ರಾತ್ರಿ ನಿಲ್ಲದೆ ದುಡಿಯುವ ಗಣಿಯಂಥ ಗಿರಾಕಿ, ಈ ಮೂರೂ ಒಟ್ಟಿಗೆ ಬಂದದ್ದು ಆಗಿನ ಭಾರತಕ್ಕೆ ಹೊಸದು. ಅಷ್ಟು ಹೇಳಿದರೂ ಸಾಕಷ್ಟು ದೊಡ್ಡ ಮಾತೇ.

ಕೇಂದ್ರವನ್ನು ಮೊದಮೊದಲು ನಡೆಸಿದವರು ಗುತ್ತಿಗೆಯ ಮೇಲೆ ಬಂದ ವಿದೇಶಿ ಎಂಜಿನಿಯರರು. ಅವರಿಗೆ ಶಿವನಸಮುದ್ರ ಒಂದು ಮಜಲು. ಲಾಟ್ಬಿನಿಯರ್ ಇಲ್ಲಿ ಕಲಿತದ್ದನ್ನು ಕಾಶ್ಮೀರಕ್ಕೆ ಒಯ್ದು ಝೀಲಂ ನದಿಯ ಮೊಹೊರ ವಿದ್ಯುತ್ ಯೋಜನೆ ರೂಪಿಸಿದರು. ಮೈಸೂರಿನ ವಿದ್ಯುತ್ ಇಲಾಖೆಯ ಮುಖ್ಯಸ್ಥರಾಗಿದ್ದ ಅಮೆರಿಕದ ಎಚ್. ಪಿ. ಗಿಬ್ಸ್ ಮುಂದೆ ಟಾಟಾದವರ ಜಲವಿದ್ಯುತ್ ಕಂಪನಿ ಸೇರಿದರು. ಆ ಕಂಪನಿಯ ಖೋಪೋಲಿ ಕೇಂದ್ರ 1915ರಲ್ಲಿ ಮುಂಬಯಿಯ ಹತ್ತಿ ಗಿರಣಿಗಳಿಗೆ ವಿದ್ಯುತ್ ಕೊಡತೊಡಗಿತು. ಇತ್ತ ಬ್ಲಫ್‌ನ ಸ್ವಿಚ್‌ಬೋರ್ಡಿನ ಮುಂದೆ ಪಾಳಿ ಮಾಡುತ್ತ, ಲೈನಿನುದ್ದಕ್ಕೂ ನಡೆಯುತ್ತ ಕೆಲಸ ಕಲಿತ ಇಲ್ಲಿನವರು ಒಂದೊಂದಾಗಿ ಹುದ್ದೆಗಳನ್ನು ವಹಿಸಿಕೊಂಡರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಹತ್ತಿತು, 1908ರಲ್ಲಿ ಮೈಸೂರಿನದು. ಹಳ್ಳಿಗಳ ಸರದಿ ಬರಲು ದಶಕಗಳೇ ಬೇಕಾದವು. ಕಾವೇರಿಯ ಕರೆಂಟು ಮೊದಲು ಹೋದದ್ದು ಲಂಡನ್ನಿನ ಷೇರುದಾರರ ಚಿನ್ನ ಅಗೆಯಲಿಕ್ಕೆ ಎಂಬುದನ್ನು ಮರೆಯುವಂತಿಲ್ಲ.

ಅದೇ ಕಾಲದ ಇನ್ನೊಬ್ಬರ ದಾರಿ ನೋಡಿ. ಎಸ್. ವಿ. ಶೆಟ್ಟಿ ಎಂಬವರು ಮೈಸೂರು ಮರಾಮತ್ ಇಲಾಖೆಯ ಅಸಿಸ್ಟೆಂಟ್ ಎಂಜಿನಿಯರ್. ಪಿಂಚಣಿಯವರೆಗೆ ನೆಮ್ಮದಿಯಾಗಿ ಕೂರಬಹುದಾದ ಕುರ್ಚಿ. ಅದನ್ನು ಬಿಟ್ಟು ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಲಂಡನ್ನಿನ ಫ್ಯಾರಡೆ ಹೌಸ್‌ಗೆ ಹೋದರು. ಅಲ್ಲಿ ಕಣ್ಣು ಆಕಾಶದ ಕಡೆ ತಿರುಗಿತು. ವಿಮಾನ ಕಟ್ಟುವ ಎ. ವಿ. ರೋ ಕಂಪನಿ ಸೇರಿ, 1911–12ರ ಹೊತ್ತಿಗೆ ವಿಮಾನ ವಿನ್ಯಾಸದಲ್ಲೂ ಹಾರಾಟದಲ್ಲೂ ಕೈಯಾಡಿಸಿದರು. ರೈಟ್ ಸಹೋದರರು ಹಾರಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಮರಳಿ ಬಂದಾಗ ಮೈಸೂರಿನಲ್ಲಿ ವಿಮಾನವಿರಲಿಲ್ಲ. ಶೆಟ್ಟರು ಬೆಂಗಳೂರಿನಲ್ಲಿ ಹುಡುಗರಿಗೆ ಎಂಜಿನಿಯರಿಂಗ್ ಪಾಠ ಹೇಳಿದರು. 1918ರ ಇನ್‌ಫ್ಲುಯೆಂಜಾ ಅವರನ್ನು ಒಯ್ಯಿತು, ವಯಸ್ಸು ನಲವತ್ತೂ ತುಂಬಿರಲಿಲ್ಲ. ಬೆಂಗಳೂರು ವಿಮಾನ ಕಟ್ಟಲು ತೊಡಗಿದ್ದು ಅದಾದ ಎರಡು ದಶಕಗಳ ಮೇಲೆ.

ಶಿವನಸಮುದ್ರದಲ್ಲಿ ಕೆಲಸ ಮಾಡುವವರಿಗೆ ಬೇಗನೆ ಒಂದು ಹೊಸ ತಲೆನೋವು ಅಂಟಿಕೊಂಡಿತು. ಮಳೆಗಾಲದಲ್ಲಿ ಭೋರ್ಗರೆಯುವ ಕಾವೇರಿ ಬೇಸಿಗೆಯಲ್ಲಿ ಬಂಡೆಗಳ ನಡುವೆ ಎಳೆಯಾಗಿ ಹರಿಯುತ್ತಾಳೆ. ಗಣಿಗೆ ಬೇಸಿಗೆ ರಜೆ ಇಲ್ಲ. ಯಂತ್ರಗಳನ್ನು ಹೆಚ್ಚಿಸಿದಷ್ಟೂ ನೀರಿನ ಕೊರತೆ ಎದ್ದು ಕಂಡಿತು. ಹೊಳೆಯನ್ನು ಮೇಲ್ಗಡೆ ಎಲ್ಲಾದರೂ ಹಿಡಿದಿಟ್ಟು ವರ್ಷವಿಡೀ ಅಳೆದು ಬಿಡಬೇಕು. ಕನ್ನಂಬಾಡಿ ಕಟ್ಟೆಯ (ಇಂದಿನ ಕೃಷ್ಣರಾಜಸಾಗರ) ಹಿಂದೆ ಮಂಡ್ಯದ ರೈತನ ನೀರಿನಷ್ಟೇ ಈ ವಿದ್ಯುತ್ತಿನ ಹಸಿವೂ ಇತ್ತು.

ಆಗ ಬಂದವರು ವಿಶ್ವೇಶ್ವರಯ್ಯ. ಅವರ ಹೆಸರು ಬಂದೊಡನೆ ನಮ್ಮ ಬರಹಗಳು ಕೈಮುಗಿದು ನಿಂತುಬಿಡುತ್ತವೆ. ಅವರ ವೃತ್ತಿಯ ನಕ್ಷೆ ಬಿಡಿಸಿ ನೋಡುವುದು ಹೆಚ್ಚು ಉಪಯೋಗದ ಕೆಲಸ. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತದ ನೌಕರಿಗೆ ಸೇರಿದರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಬೇಕಾದಾಗ, ದುಬಾರಿ ಶೋಧನಾಗಾರದ ಬದಲು ನದಿಯ ಮರಳನ್ನೇ ಜರಡಿ ಮಾಡಿಕೊಂಡು ನದಿಪಾತ್ರದಲ್ಲಿ ಬಾವಿ ತೋಡಿಸಿದರು. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಪ್ರತಿವರ್ಷ ಕೋಡಿಯ ಮೇಲೆ ಹರಿದು ಪೋಲಾಗುತ್ತಿದ್ದ ನೀರನ್ನು ನೋಡಿ, ಗೊತ್ತಾದ ಮಟ್ಟ ಮುಟ್ಟಿದಾಗ ತಾವೇ ತೆರೆದುಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದರು. ಅಣೆಕಟ್ಟು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. 1906ರಲ್ಲಿ ಏಡನ್‌ಗೆ ಹೋಗಿ ಮರುಭೂಮಿಯ ಬಂದರಿನ ನೀರು, ಚರಂಡಿ ನೋಡಿದರು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು. ಮರುವರ್ಷ ಅಲ್ಲಿ ಪ್ರವಾಹ ತಡೆಯುವ ಯೋಜನೆಗೆ ಕೂತರು. 1909ರ ಕೊನೆಗೆ ಮೈಸೂರಿನ ಚೀಫ್ ಎಂಜಿನಿಯರ್. ಕುಡಿಯುವ ನೀರು, ನೀರಾವರಿ, ಚರಂಡಿ, ಪ್ರವಾಹ: ಇಪ್ಪತ್ತೈದು ವರ್ಷಗಳಲ್ಲಿ ನೀರಿನ ಎಲ್ಲ ಮುಖಗಳನ್ನೂ ನೋಡಿದ್ದ ಮನುಷ್ಯ ಅಣೆಕಟ್ಟೆಗೆ ಕೈಹಾಕಿದ್ದು. ಹಾಗೆಂದು ಈ ತಿರುಗಾಟವೆಲ್ಲ ಅವರ ಇಷ್ಟದ ಆಯ್ಕೆಯಾಗಿರಲಿಲ್ಲ. ವರ್ಗಾವಣೆಗಳೂ ಇದ್ದವು, ಮೇಲಿನವರ ಆಜ್ಞೆಗಳೂ ಇದ್ದವು. ಹೋದ ಕಡೆಯ ಸಮಸ್ಯೆಗೆ ಹಳೇ ಊರಿನ ಉತ್ತರ ಅಂಟಿಸದೆ ಅಲ್ಲಿನದೇ ಉತ್ತರ ಹುಡುಕಿದರು. ಅವರ ಜಾಣತನ ಅದರಲ್ಲಿದೆ.

1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು. ಸಿಮೆಂಟು ದುಬಾರಿ, ಹೊರಗಿನಿಂದ ಬರಬೇಕು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದ ಸುರ್ಕಿ ಗಾರೆಯಲ್ಲೇ ಕಟ್ಟೆ ಎದ್ದಿತು. ಮದರಾಸು ಸರ್ಕಾರದ ತಕರಾರು, ಪಂಚಾಯಿತಿ, ಮೊದಲ ಮಹಾಯುದ್ಧ ಎಲ್ಲ ಅಡ್ಡ ಬಂದವು. 1924ರಲ್ಲಿ ಒಪ್ಪಂದವಾಯಿತು, 1930ರ ದಶಕದ ಆರಂಭಕ್ಕೆ ಕಟ್ಟೆ ಪೂರ್ತಿಯಾಯಿತು. ವಿಶ್ವೇಶ್ವರಯ್ಯ 1912ರಲ್ಲೇ ದಿವಾನರಾಗಿ, 1918ರಲ್ಲಿ ಹುದ್ದೆ ಬಿಟ್ಟಿದ್ದರು. ಎಂದರೆ ಕಟ್ಟೆ ಕಟ್ಟಿದ ಕಾಲದ ಅರ್ಧಕ್ಕೂ ಹೆಚ್ಚು ಭಾಗ ಬೇರೆ ಬೇರೆ ಚೀಫ್ ಎಂಜಿನಿಯರರ, ಓವರ್ಸಿಯರರ, ಮೇಸ್ತ್ರಿಗಳ ಕೈಯಲ್ಲಿ ಕಳೆಯಿತು. ಮಂಡ್ಯದ ಗದ್ದೆಗಳಿಗೆ ನೀರು ಒಯ್ಯಲು ಹುಲಿಕೆರೆಯ ದಿಬ್ಬದೊಳಗೆ ಸುರಂಗ ಕೊರೆದವರೂ ಅವರೇ. ಕನ್ನಂಬಾಡಿ ಹಳ್ಳಿ ನೀರಿನಡಿ ಹೋಯಿತು, ಊರಿನವರು ಗಂಟುಮೂಟೆ ಕಟ್ಟಿ ಹೊಸ ಕನ್ನಂಬಾಡಿಗೆ ಬಂದರು. ಎಲ್ಲವನ್ನೂ ಒಂದೇ ಹೆಸರಿನ ಲೆಕ್ಕಕ್ಕೆ ಬರೆಯುವ ನಮ್ಮ ಅಭ್ಯಾಸದಿಂದ, ಒಂದು ಇಲಾಖೆ ಇಪ್ಪತ್ತು ವರ್ಷ ಒಟ್ಟಾಗಿ ಕಲಿತದ್ದು ಕಣ್ಮರೆಯಾಗಿದೆ.

ಬೆಂಗಳೂರಿನಲ್ಲಿ 1911ರಲ್ಲಿ ಪಾಠ ಆರಂಭಿಸಿದ ವಿಜ್ಞಾನ ಸಂಸ್ಥೆ ಮೊದಲ ವಿಭಾಗಗಳಲ್ಲೇ ವಿದ್ಯುತ್ ತಂತ್ರಜ್ಞಾನವನ್ನೂ ಇಟ್ಟುಕೊಂಡಿತ್ತು. 1917ರಲ್ಲಿ ಸಂಸ್ಥಾನದ್ದೇ ಎಂಜಿನಿಯರಿಂಗ್ ಕಾಲೇಜು ಬಂತು, ಪುಣೆಗೋ ಮದರಾಸಿಗೋ ಹೋಗಬೇಕಿದ್ದ ಹುಡುಗರಿಗೆ ಮನೆ ಬಾಗಿಲಲ್ಲೇ ಪದವಿ ಸಿಕ್ಕಿತು. ಇನ್ನೊಂದು ಬೆಳವಣಿಗೆ ಇದಕ್ಕಿಂತ ಕಡಿಮೆ ಪ್ರಸಿದ್ಧ. ಕಂಬದ ಮೇಲೆ ತಂತಿ ಹಿಡಿಯುವ ಪಿಂಗಾಣಿ ಇನ್ಸುಲೇಟರು ಚಿಕ್ಕ ವಸ್ತು. ಆದರೆ ಅದರಲ್ಲೊಂದು ಕೂದಲೆಳೆಯ ಬಿರುಕು ಇದ್ದರೂ ಲೈನು ನಿಲ್ಲುತ್ತದೆ. ಪ್ರತಿಯೊಂದೂ ಹಡಗಿನಲ್ಲಿ ಬರಬೇಕಿತ್ತು. 1932ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ತೆರೆಯಿತು. ಮಣ್ಣು ಆರಿಸಿ, ಅರೆದು, ಅಚ್ಚು ಹಾಕಿ, ಸುಟ್ಟು, ಕೊನೆಗೆ ಅದರ ಮೇಲೆ ಹೈ ವೋಲ್ಟೇಜ್ ಹಾಯಿಸಿ ತಡೆಯುತ್ತದೆಯೇ ನೋಡುವ ಕುಂಬಾರಿಕೆ ಅದು. 1933ರಲ್ಲಿ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ಬಂತು. ಟ್ರಾನ್ಸ್‌ಫಾರ್ಮರ್ ಕಟ್ಟುವ ಆ ಕಾರ್ಖಾನೆಯೇ ಇಂದಿನ ಕವಿಕಾ (ಕರ್ನಾಟಕ ವಿದ್ಯುತ್ ಕಾರ್ಖಾನೆ). ಯಂತ್ರ ನಡೆಸುವವರು ಯಂತ್ರ ಮಾಡುವವರಾಗಲು ಮೂವತ್ತು ವರ್ಷ ಹಿಡಿದಿತ್ತು.

ಈ ಇಡೀ ಪರಂಪರೆಯಲ್ಲಿ ಅತ್ಯಂತ ಸೊಗಸಾದ ಒಂದು ಕೆಲಸವಿದೆ. ಅದನ್ನು ಮಾಡಿದ ಗಣೇಶ ಅಯ್ಯರರ ಹೆಸರು ಎಂಜಿನಿಯರರ ಹೊರಗೆ ಹೆಚ್ಚಿನವರಿಗೆ ಗೊತ್ತಿಲ್ಲ. ಸಮಸ್ಯೆ ಹಳೇ ಕೆರೆಯದೇ: ನೆರೆ ಬಂದಾಗ ಹೆಚ್ಚಿನ ನೀರನ್ನು ಏರಿಗೆ ಅಪಾಯವಾಗದಂತೆ ಹೊರಗೆ ಕಳಿಸುವುದು. ಕೋಡಿ ಬಿಟ್ಟರೆ ಉದ್ದನೆಯ ಜಾಗ ಬೇಕು, ನೀರು ನಿಧಾನ ಹರಿಯುತ್ತದೆ. ಬಾಗಿಲು ಇಟ್ಟರೆ ಮಧ್ಯರಾತ್ರಿಯ ಬಿರುಮಳೆಯಲ್ಲಿ ಎತ್ತಲು ಮನುಷ್ಯ ಬೇಕು, ತುಕ್ಕು ಹಿಡಿದು ಕೂತರೆ ಊರೇ ಹೋದೀತು. ಅಯ್ಯರ್ ಬಾಗಿಲನ್ನೇ ತೆಗೆದುಹಾಕಿದರು. ಜಲಾಶಯದೊಳಗೆ ನೆಟ್ಟಗೆ ನಿಂತ ದೊಡ್ಡ ಕೊಳವೆ, ಅದರ ಬಾಯಿ ಆಲಿಕೆಯಂತೆ ಅಗಲ, ಮೇಲೊಂದು ಗುಮ್ಮಟದ ಮುಚ್ಚಳ. ಆಲಿಕೆಯ ಒಳಮೈಗೆ ಸುರುಳಿಯಾಗಿ ಬಾಗಿದ ಅಲಗುಗಳು. ನೀರು ಅಂಚು ಮುಟ್ಟಿ ಒಳಗೆ ಇಳಿಯತೊಡಗಿದಾಗ ಈ ಅಲಗುಗಳು ಅದನ್ನು ಸುಳಿ ತಿರುಗಿಸುತ್ತವೆ. ತಿರುಗುವ ನೀರು ಗುಮ್ಮಟದೊಳಗಿನ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು ಕೆಳಗಿಳಿಯುತ್ತದೆ. ಗಾಳಿ ಖಾಲಿಯಾದ ಕ್ಷಣ ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ, ಕೊಳವೆ ತುಂಬಿ ಪೂರ್ಣ ರಭಸದಲ್ಲಿ ಹರಿಯುತ್ತದೆ. ಮಟ್ಟ ಇಳಿದಾಗ ಗುಮ್ಮಟದಡಿ ಗಾಳಿ ನುಗ್ಗಿ ಹರಿವು ತಾನೇ ನಿಲ್ಲುತ್ತದೆ. ಮೋಟಾರಿಲ್ಲ, ಸರಪಳಿಯಿಲ್ಲ, ಕಾವಲುಗಾರನೂ ಬೇಕಿಲ್ಲ.

ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸೈಫನ್ ಎಂದು ಕರೆಯುವ ಇಂಥ ಕೊಳವೆಗಳನ್ನು 1940ರ ಹೊತ್ತಿಗೆ ಕಟ್ಟಿದರು. ಈಗಲೂ ಮಳೆ ಚೆನ್ನಾಗಿ ಆದ ವರ್ಷ ಸೈಫನ್ ಎದ್ದಿತೆಂದರೆ ಸುತ್ತಲ ಊರುಗಳಿಂದ ಜನ ನೋಡಲು ಬರುತ್ತಾರೆ. ಶರಾವತಿಗೆ ಅಡ್ಡ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಇದೇ ವಿನ್ಯಾಸ, ಅಲ್ಲಿ ಸಾಲಾಗಿ 11. ನೀರುಗಂಟಿಯ ಕಾಲದ ಕೋಡಿಯ ಪ್ರಶ್ನೆಗೆ ಸುಳಿಯ ಗಣಿತದಿಂದ ಉತ್ತರ ಹುಡುಕಿದ್ದು ಎಂದರೆ ತಪ್ಪಾಗದು. ಇಂಥ ವಿನ್ಯಾಸಗಳನ್ನು ಕಾಗದದ ಲೆಕ್ಕದಲ್ಲೇ ನಂಬಿ ಬಿಡದೆ ಸಣ್ಣ ಮಾದರಿ ಕಟ್ಟಿ ನೀರು ಹಾಯಿಸಿ ನೋಡಲು 1944ರಲ್ಲಿ ಕೃಷ್ಣರಾಜಸಾಗರದಲ್ಲೇ ಸಂಶೋಧನಾ ಕೇಂದ್ರ ಶುರುವಾಯಿತು, ಅದು ಇಂದಿಗೂ ಇದೆ.

ಹಿರೇಭಾಸ್ಕರದ ನೀರು ಜೋಗದ ಕೇಂದ್ರಕ್ಕೆ. ಜಲಪಾತ ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತಗಳ ಗಡಿಯಲ್ಲಿದ್ದುದರಿಂದ ಒಪ್ಪಂದವಾಗಬೇಕಿತ್ತು, ಅದಾದ ಮೇಲೆ ಎರಡನೇ ಮಹಾಯುದ್ಧ ಯಂತ್ರಗಳನ್ನು ತಡೆಯಿತು. 1948ರಲ್ಲಿ ಅಂತೂ ಕೇಂದ್ರ ಓಡಿತು, ಮಹಾತ್ಮ ಗಾಂಧಿಯವರ ಹೆಸರು ಪಡೆಯಿತು. ಪೂರ್ಣಗೊಂಡಾಗ 120 ಮೆಗಾವಾಟ್. ಶಿವನಸಮುದ್ರ ಹಲವು ವಿಸ್ತರಣೆಗಳ ನಂತರ ಮುಟ್ಟಿದ್ದು 42. ಜೋಗ ಸಾಕಾಗದೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು. ಹಿರೇಭಾಸ್ಕರ ಅಣೆಕಟ್ಟೆ ತನ್ನ 11 ಸೈಫನ್ನುಗಳ ಸಮೇತ ಅದರ ಹಿನ್ನೀರಿನಲ್ಲಿ ಮುಳುಗಿತು. ಇಪ್ಪತ್ತು ವರ್ಷವೂ ಪೂರ್ತಿ ದುಡಿಯದೆ ಹೋದ ಕಟ್ಟೆ. ಒಂದು ತಲೆಮಾರಿನ ಎಂಜಿನಿಯರರು ತಮ್ಮ ಹೆಮ್ಮೆಯ ಕೆಲಸವನ್ನು ತಾವೇ ಮುಳುಗಿಸಬೇಕಾಯಿತು. ಅದಕ್ಕಿಂತ ಭಾರವಾದದ್ದು ಮುಳುಗಿದ ಊರುಗಳದು. ಸಾಗರ, ಹೊಸನಗರ ಸೀಮೆಯ ಸಾವಿರಾರು ಕುಟುಂಬಗಳು ತೋಟ ಗದ್ದೆ ಬಿಟ್ಟು ಕಾಡಿನಂಚುಗಳಿಗೆ ಬಂದವು. ಅವರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ವಿದ್ಯುತ್ ಯೋಜನೆಯ ಚರಿತ್ರೆ ಬರೆಯುವವರು ಮೆಗಾವಾಟಿನ ಪಕ್ಕಕ್ಕೆ ಈ ಲೆಕ್ಕವನ್ನೂ ಬರೆಯಬೇಕು. ಹೆಚ್ಚಿನವರು ಬರೆದಿಲ್ಲ.

ಅದೇ ದಶಕಗಳಲ್ಲಿ ನೀರಿನಿಂದ ದೂರ ಸರಿದ ಇನ್ನೊಂದು ಎಳೆಯೂ ಇತ್ತು. ರಾಜೇಶ್ವರಿ ಚಟರ್ಜಿ ಹುಟ್ಟಿದ್ದು 1922ರಲ್ಲಿ, ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ. ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಬಂದು, ಅಲ್ಲಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಮರಳಿದರು. ಸಂಸ್ಥೆಯಲ್ಲಿ ಪಾಠ ಹೇಳುತ್ತ, ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ರೇಡಾರ್, ಆಂಟೆನಾಗಳ ವಿದ್ಯೆ ಇಲ್ಲಿ ಹೊಸತಾಗಿದ್ದ ಕಾಲ. ಗಣಿತ ಬಿಟ್ಟುಬಂದಿದ್ದರೂ ಅದು ಅವರನ್ನು ಬಿಡಲಿಲ್ಲ. ಆಂಟೆನಾ ಎಂದರೆ ಅರ್ಧ ಲೋಹ, ಅರ್ಧ ಸಮೀಕರಣ.

ಇತ್ತ ಜಲವಿದ್ಯುತ್ ಬಂಡೆಯೊಳಗೂ ಇಳಿಯಿತು. ಉಡುಪಿ ಗಡಿಯ ವಾರಾಹಿ ಯೋಜನೆಯಲ್ಲಿ ಪವರ್ ಹೌಸನ್ನೇ ಭೂಗರ್ಭದಲ್ಲಿ ಕೊರೆದರು, 1989ರ ಹೊತ್ತಿಗೆ ಮೊದಲ ಯಂತ್ರ ತಿರುಗಿತು. ಕೆರೆ ಏರಿಯ ಇಲಾಖೆಯ ವಾರಸುದಾರರು ಇಲ್ಲಿ ಭೂವಿಜ್ಞಾನಿಗಳ ಕೈಹಿಡಿದು ಬಂಡೆಯ ಬಿರುಕು ಓದಬೇಕಾಯಿತು. ಈಗ ಕರ್ನಾಟಕ ವಿದ್ಯುತ್ ನಿಗಮದ ಮುಂದಿರುವುದು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಸೋಲಾರ್, ಗಾಳಿ ವಿದ್ಯುತ್ ಹೆಚ್ಚಾಗಿ ಉಳಿದ ಹೊತ್ತಿನಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿಟ್ಟು, ಬೇಡಿಕೆ ಏರಿದಾಗ ಮತ್ತೆ ಬೀಳಿಸಿ 2000 ಮೆಗಾವಾಟ್ ಪಡೆಯುವ ಲೆಕ್ಕ. ಅದೇ ಯಂತ್ರ ಒಮ್ಮೆ ಪಂಪು, ಇನ್ನೊಮ್ಮೆ ಟರ್ಬೈನು. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ. ಸುರಂಗ ಕೊರೆದರೆ ಕಾಡಿಗೇನಾಗುತ್ತದೆ, ಇಳಿಜಾರು ನಿಂತೀತೇ ಎಂದು ಪರಿಸರದವರೂ ಮಲೆನಾಡಿನ ಜನರೂ ಕೇಳುತ್ತಿದ್ದಾರೆ, ಅರಣ್ಯದ ಅನುಮತಿಯ ಕಡತಗಳ ಮೇಲೆ ವಾದ ನಡೆಯುತ್ತಿದೆ. 1899ರಲ್ಲಿ ಕೇಳಲು ಯಾರಿಗೂ ಹೊಳೆಯದಿದ್ದ ಪ್ರಶ್ನೆಗಳಿವು. ಈ ಯೋಜನೆಗೆ ಸಹಿ ಹಾಕುವ ಎಂಜಿನಿಯರ್ ಟರ್ಬೈನಿನ ಲೆಕ್ಕದ ಜೊತೆಗೆ ಇವಕ್ಕೂ ಉತ್ತರ ಬರೆಯಬೇಕಾಗಿದೆ.